ಮರೆಯಲಾಗದ ಹೈಸ್ಕೂಲ್ ಬೇಸ್‌ಬಾಲ್ ಪಂದ್ಯ: ಕೋಶಿಯೆನ್, 2018ರ ಆಗಸ್ಟ್ 18

ಶಾಲಾ ಹುಡುಗರು ಆಡಿದ, ಇವತ್ತಿಗೂ ಮನಸ್ಸಿಂದ ಹೋಗದ ಪಂದ್ಯ ಯಾವುದು ಅಂತ ಕೇಳಿದ್ದೀರಿ. ಬೇಸ್‌ಬಾಲ್ ಆದರೆ ಕ್ರಿಕೆಟ್ ಮಾತ್ರ ಗೊತ್ತಿರುವವರಿಗೂ ತಿಳಿಯುವ ಹಾಗೆ ಹೇಳಿ ಅಂತಲೂ ಸೇರಿಸಿದ್ದೀರಿ. ಕೆಲಸದ ಮೇಲೆ ಒಸಾಕಾದಲ್ಲಿದ್ದಾಗ ನೋಡಿದ್ದು: ಕನಾಅಶಿ ಕೃಷಿ ಪ್ರೌಢಶಾಲೆ ಮತ್ತು ಓಮಿ ಪ್ರೌಢಶಾಲೆ ನಡುವಿನ ಕ್ವಾರ್ಟರ್ ಫೈನಲ್. 3-2ರಲ್ಲಿ ಕನಾಅಶಿ ಗೆದ್ದಿತು. ಕೊನೆಯ ಎರಡು ರನ್ ಬಂದದ್ದು ಬೀಸಿ ಹೊಡೆಯದ, ಬರೀ ನೆಲದ ಮೇಲೆ ಉರುಳಿದ ಒಂದು ಚೆಂಡಿನಿಂದ.

ಮೊದಲು ಸ್ವಲ್ಪ ಹಿನ್ನೆಲೆ. ಜಪಾನಿನ ಹೈಸ್ಕೂಲ್ ಬೇಸ್‌ಬಾಲ್ ಟೂರ್ನಿ ಶುರುವಾದದ್ದು 1915ರಲ್ಲಿ. 1924ರಿಂದ ಅದರ ಮನೆ ಕೋಶಿಯೆನ್ ಮೈದಾನ. ಒಂದು ಪಂದ್ಯ ಸೋತರೆ ಮನೆಗೆ. ಸೋತ ಹುಡುಗರು ಅಳುತ್ತಾ ಮೈದಾನದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ. ಆಗಸ್ಟ್ ಬಂದರೆ ಆಫೀಸಿನ ಕ್ಯಾಂಟೀನ್, ಕ್ಷೌರದಂಗಡಿ, ಆಸ್ಪತ್ರೆಯ ಕಾಯುವ ಕೋಣೆ, ಎಲ್ಲ ಕಡೆ ಟಿವಿಯಲ್ಲಿ ಅದೇ. 2018ರದ್ದು ನೂರನೇ ಟೂರ್ನಿ, 56 ತಂಡಗಳು. ಅದುವರೆಗೆ ಪುಕ್ಕಟೆಯಿದ್ದ ಔಟ್‌ಫೀಲ್ಡ್ ಸೀಟಿಗೆ ಆ ವರ್ಷದಿಂದ 500 ಯೆನ್ ಇಟ್ಟಿದ್ದರು. ಆದರೂ ಜನ ಬೆಳಗಿನ ಜಾವದಿಂದಲೇ ಸಾಲು.

ಗೆಲ್ಲುವ ಶಾಲೆಗಳು ಹೆಚ್ಚಾಗಿ ದೊಡ್ಡ ಖಾಸಗಿ ಶಾಲೆಗಳು. ಅವು ದೇಶದ ಮೂಲೆಮೂಲೆಯಿಂದ ಹುಡುಗರನ್ನು ಆರಿಸಿ ತರುತ್ತವೆ. ಕನಾಅಶಿ ಹಾಗಲ್ಲ. ಉತ್ತರದ ಅಕಿತಾದಲ್ಲಿರುವ ಸರ್ಕಾರಿ ಶಾಲೆ, ಮಕ್ಕಳು ಕಲಿಯುವುದು ಬೇಸಾಯ, ದನ-ಹಂದಿ ಸಾಕಣೆ. ಒಂಬತ್ತೂ ಆಟಗಾರರು ಅಕಿತಾದವರೇ. ಚಳಿಗಾಲದಲ್ಲಿ ರಬ್ಬರ್ ಬೂಟು ಹಾಕಿಕೊಂಡು ಹಿಮದಲ್ಲಿ ಓಡುವುದೇ ಅವರ ವ್ಯಾಯಾಮ. ಗೆದ್ದಾಗ ಬೆನ್ನನ್ನು ಹಿಂದಕ್ಕೆ ಬಾಗಿಸಿ, ಆಕಾಶಕ್ಕೆ ಮುಖ ಮಾಡಿ, ಶಾಲೆಯ ಹಾಡನ್ನು ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು. ಹಿಂದಿನ ಸುತ್ತಿನಲ್ಲಿ ಯೋಕೊಹಾಮಾದಂಥ ಘಟಾನುಘಟಿ ತಂಡವನ್ನೇ ಎಂಟನೇ ಇನ್ನಿಂಗ್ಸ್‌ನ (ಪ್ರತಿ ತಂಡಕ್ಕೂ ಒಂಬತ್ತು ಸರದಿ) ಮೂರು ರನ್ನಿನ ಹೋಮ್‌ರನ್‌ನಿಂದ, ಅಂದರೆ ಸಿಕ್ಸರ್ ಥರ ಬೇಲಿಯಾಚೆಗೆ ಹೊಡೆದ ಹೊಡೆತದಿಂದ, 5-4ರಲ್ಲಿ ಮನೆಗೆ ಕಳಿಸಿದ್ದರು. ಅಷ್ಟು ಹೊತ್ತಿಗೆ ಅರ್ಧ ಜಪಾನ್ ಇವರ ಕಡೆ.

ನನ್ನ ಜೊತೆ ಬಂದಿದ್ದ ಸಹೋದ್ಯೋಗಿ ಮಾತ್ರ ಆ ಅರ್ಧದಲ್ಲಿರಲಿಲ್ಲ. ಅವರು ಶಿಗಾ ಪ್ರಾಂತ್ಯದವರು, ಓಮಿ ಇರುವುದೂ ಶಿಗಾದಲ್ಲೇ. ನನಗಿಂತ ಹಿರಿಯರು, ಮಿತಭಾಷಿ. ಕೊನೆಯ ಇನ್ನಿಂಗ್ಸ್‌ಗೆ ಓಮಿ 2-1ರಿಂದ ಮುಂದಿತ್ತು.

ಒಂಬತ್ತನೇ ಇನ್ನಿಂಗ್ಸ್‌ನ ಕೆಳಭಾಗ, ಅಂದರೆ ಕನಾಅಶಿಯ ಕೊನೆಯ ಬ್ಯಾಟಿಂಗ್ ಸರದಿ. ಬ್ಯಾಟ್ ಮಾಡುವ ಜಾಗ ಹೋಮ್ ಪ್ಲೇಟ್. ಅಲ್ಲಿಂದ ಓಡಿ ಮೂರು ಬೇಸ್ ದಾಟಿ ಮತ್ತೆ ಅಲ್ಲಿಗೇ ಬಂದರೆ ಒಂದು ರನ್. ಕನಾಅಶಿಯ ಒಬ್ಬನೂ ಔಟಾಗಿಲ್ಲ, ಮೂರೂ ಬೇಸ್‌ಗಳಲ್ಲಿ ಓಟಗಾರರು ನಿಂತಿದ್ದಾರೆ. ಬ್ಯಾಟಿಗೆ ಬಂದವನು ಒಂಬತ್ತನೇ ಕ್ರಮಾಂಕದ ಹುಡುಗ. ನಮ್ಮ ಲೆಕ್ಕದಲ್ಲಿ ಬಾಲಂಗೋಚಿ. ಅವನು ಬ್ಯಾಟು ಬೀಸಲಿಲ್ಲ. ಅಡ್ಡ ಹಿಡಿದು, ಚೆಂಡನ್ನು ಮೆಲ್ಲಗೆ ಮೂರನೇ ಬೇಸ್ ಕಡೆಗೆ ಉರುಳಿಸಿದ. ಇದಕ್ಕೆ ಸ್ಕ್ವೀಝ್ ಅನ್ನುತ್ತಾರೆ. ಎಸೆತದ ಜೊತೆಗೇ ಮೂರನೇ ಬೇಸಿನವನು ಓಡಿಬಿಡುತ್ತಾನೆ. ಬ್ಯಾಟ್ ಹಿಡಿದವನು ಔಟಾದರೂ ಪರವಾಗಿಲ್ಲ, ಒಂದು ರನ್ ಬಂತು. ಅಂದರೆ 2-2.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿದ್ದ ಆಟವೇ. ಮೂರನೇ ಬೇಸ್ ಕಾಯುತ್ತಿದ್ದ ಓಮಿಯ ಹುಡುಗ ಮುಂದೆ ನುಗ್ಗಿ ಚೆಂಡು ಹಿಡಿದು, ಪುಸ್ತಕದಲ್ಲಿ ಬರೆದ ಹಾಗೆ ಮೊದಲ ಬೇಸಿಗೆ ಎಸೆದ. ಚೆಂಡು ಮೈದಾನದ ಆ ತುದಿಗೆ ಹಾರುತ್ತಿರುವಾಗ ಎರಡನೇ ಬೇಸಿನಲ್ಲಿದ್ದವನು ಮೂರನೆಯದನ್ನು ಸುತ್ತಿ, ನಿಲ್ಲದೆ ಹೋಮ್ ಪ್ಲೇಟ್ ಕಡೆಗೆ ಓಡುತ್ತಿದ್ದಾನೆ! ಮೊದಲ ಬೇಸಿನಿಂದ ಚೆಂಡು ವಾಪಸ್ ಬಂತು. ಇವನು ತಲೆ ಮುಂದೆ ಮಾಡಿ ಹಾರಿ ಬಿದ್ದ. ಕ್ಯಾಚರ್‌ನ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಗ್ಲವ್ ತಾಕುವ ಮೊದಲು ಕೈ ಹೋಮ್ ಪ್ಲೇಟಿನ ಮೇಲಿತ್ತು. ಸೇಫ್, ಅಂದರೆ ಔಟಲ್ಲ. 3-2, ಪಂದ್ಯ ಮುಗಿಯಿತು.

ಓಮಿಯ ಕ್ಯಾಚರ್ ಹಾಗೇ ಮಣ್ಣಿನ ಮೇಲೆ ಬೋರಲು ಬಿದ್ದುಕೊಂಡ, ಏಳಲೇ ಇಲ್ಲ. ನನ್ನ ಪಕ್ಕದಲ್ಲಿದ್ದ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದ್ದು ಒಂದೇ ಮಾತು: 'ನಮ್ಮ ಹುಡುಗ ತಪ್ಪೇನೂ ಮಾಡಲಿಲ್ಲ.' ನಿಜ. ಈ ಪಂದ್ಯ ನನಗೆ ಅಂಟಿಕೊಂಡಿರುವುದೂ ಅದಕ್ಕೇ. ಯಾರೂ ಚೆಂಡು ಬಿಡಲಿಲ್ಲ, ದಿಕ್ಕು ತಪ್ಪಿ ಎಸೆಯಲಿಲ್ಲ. ಸರಿಯಾಗಿ ಆಡಿದ ತಂಡದ ಕೈಯಿಂದ, ಆ ಒಂದು ಎಸೆತದ ಅವಧಿಯನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡಿದ್ದ ತಂಡ ಗೆಲುವನ್ನು ಕಿತ್ತುಕೊಂಡಿತು. (ಅದೇ ಹೊತ್ತಿಗೆ ಆ ಶಾಲೆಯ ಹಂದಿಯೊಂದು ಒಂಬತ್ತು ಮರಿ ಹಾಕಿತೆಂದು ಪತ್ರಿಕೆಗಳಲ್ಲಿ ಬಂತು. ಒಂಬತ್ತು! ಊರವರು ಬಿಡುತ್ತಾರೆಯೇ, ತಂಡದ ಲೆಕ್ಕಕ್ಕೇ ಜೋಡಿಸಿದರು.)

ಮುಂದಿನದು ಚುಟುಕಾಗಿ. ಸೆಮಿಫೈನಲ್ ಗೆದ್ದರು. 1915ರ ಮೊದಲ ಟೂರ್ನಿಯ ನಂತರ, 103 ವರ್ಷಕ್ಕೆ, ಅಕಿತಾದ ತಂಡವೊಂದು ಫೈನಲ್ ಕಂಡಿತು. ಅಲ್ಲಿ ಒಸಾಕಾ ತೋಯಿನ್ ಶಾಲೆಯ ಕೈಲಿ 13-2ರ ಸೋಲು.

ಆದರೆ ಒಂದು ವಿಷಯದಲ್ಲಿ ನನಗೆ ಆಗಲೂ ಕಸಿವಿಸಿ, ಈಗಲೂ ಅಷ್ಟೇ. ಕನಾಅಶಿಯ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಯೋಶಿದಾ ಕೋಸೆ ಆ ಟೂರ್ನಿಯ ಆರು ಪಂದ್ಯಗಳಲ್ಲಿ ಎಸೆದದ್ದು 881 ಚೆಂಡು. ಫೈನಲ್ಲಿನ ಮಧ್ಯದವರೆಗೆ ಅವನ ಬದಲಿಗೆ ಬೇರೆಯವರು ಕೈ ಹಾಕಿದ್ದೇ ಇಲ್ಲ. ಹದಿಹರೆಯದ ಹುಡುಗನ ಭುಜ, ಆಗಸ್ಟ್ ಬಿಸಿಲು. ಜನ ಇದನ್ನು ಛಲ ಅಂತ ಕೊಂಡಾಡಿದರು. ನಾನಂತೂ ದೊಡ್ಡವರ ಬೇಜವಾಬ್ದಾರಿ ಅನ್ನುತ್ತೇನೆ. ಪಕ್ಕದ ಹಿರಿಯರ ಜೊತೆ ಇದೊಂದು ವಿಷಯಕ್ಕೆ ಮಾತ್ರ ವಾದ ಆಗಿತ್ತು. ಅದೇ ಚರ್ಚೆ ದೇಶದ ತುಂಬ ನಡೆದು, 2020ರಿಂದ ಒಬ್ಬ ಪಿಚರ್ ವಾರಕ್ಕೆ 500 ಎಸೆತ ಮೀರಬಾರದು ಅಂತ ನಿಯಮ ಬಂತು. ನನ್ನ ಪ್ರಕಾರ ಅದೂ ಜಾಸ್ತಿಯೇ.

ಯೋಶಿದಾ ಅದೇ ವರ್ಷ ನಿಪ್ಪಾನ್-ಹ್ಯಾಮ್ ತಂಡಕ್ಕೆ ಆಯ್ಕೆಯಾಗಿ ವೃತ್ತಿಪರನಾದ. 2024ರಲ್ಲಿ ಕನಾಅಶಿ ಮತ್ತೆ ಕೋಶಿಯೆನ್‌ಗೆ ಬಂದಾಗ ಪಿಚರ್ ಅವನ ತಮ್ಮ. ಮೊದಲ ಪಂದ್ಯದಲ್ಲೇ ಸೋತರು. ಸ್ಕ್ವೀಝ್ ದೃಶ್ಯ ಯೂಟ್ಯೂಬಿನಲ್ಲಿ ಸಿಕ್ಕರೆ ನೋಡಿ, ಆದರೆ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಎರಡನೇ ಬೇಸಿನಲ್ಲಿರುವ ಹುಡುಗನನ್ನೇ ನೋಡುತ್ತಿರಿ.