ಹೊಳಿ ನೀರಿನಲ್ಲಿ ಮುಳುಗಿದ ಪಂಪ್‌ಸೆಟ್ ಇಂಜಿನ್ ಒಣಗಿಸಿ ಶುರು ಮಾಡಬಹುದೇ?

ಬ್ಯಾಡ್ರಿ ಅಣ್ಣಾ, ಹ್ಯಾಂಡಲ್ ಕೆಳಗಿಡ್ರಿ. ನಾಲ್ಕು ದಿನ ಬಿಸಿಲಿಗಿಟ್ಟಿದ್ದೀರಿ, ಹೆಡ್ ಮೇಲಿನ ಡಿಕಂಪ್ರೆಷನ್ ಲಿವರ್ (ಒಳಗಿನ ಒತ್ತಡ ಬಿಡುವ ಸಣ್ಣ ಹಿಡಿ) ಎತ್ತಿದರೆ ಹಗುರಾಗಿ ತಿರುಗುತ್ತದೆ ಅಂತ ಬರೆದಿದ್ದೀರಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಏರಿದಾಗ ಅಫಜಲಪುರ ಕಡೆಯ ನಮ್ಮ ಹೊಲದ 5 ಎಚ್‌ಪಿ ಡೀಸೆಲ್ ಇಂಜಿನ್ನೂ ಹೀಗೇ ಹಗುರಾಗಿ ತಿರುಗಿತ್ತು. ಜೋರಾಗಿ ಸುತ್ತಿ ಲಿವರ್ ಬಿಟ್ಟೆ. ಠಪ್ ಅಂತ ನಿಂತಿತು, ಪಿಸ್ಟನ್‌ಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡ್ ಬಾಗಿತು.

ಯಾಕೆ ಹಾಗಾಯಿತು ಅಂದರೆ, ಲಿವರ್ ಎತ್ತಿದಾಗ ಎಕ್ಸಾಸ್ಟ್ ವಾಲ್ವ್ ತುಸು ತೆರೆದೇ ಇರುತ್ತದೆ. ಒಳಗೆ ನೀರಿದ್ದರೂ ಅಲ್ಲಿಂದ ಜಾರುತ್ತದೆ, ಕೈಗೆ ಗೊತ್ತಾಗುವುದಿಲ್ಲ. ಏರ್ ಕ್ಲೀನರ್‌ನಿಂದ ಹೆಡ್‌ಗೆ ಹೋಗುವ ಬೆಂಡ್‌ನಲ್ಲಿ ನಿಂತ ನೀರನ್ನು ಪಿಸ್ಟನ್ ಒಳಗೆಳೆದುಕೊಳ್ಳುತ್ತದೆ. ಲಿವರ್ ಬಿಟ್ಟ ಕ್ಷಣ ಎರಡೂ ವಾಲ್ವ್ ಮುಚ್ಚುತ್ತವೆ. 80 ಮಿಮೀ ಬೋರ್ (ಸಿಲಿಂಡರ್ ಒಳಗಿನ ಅಗಲ), 110 ಮಿಮೀ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇರುವ ಇಂಜಿನ್‌ನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 35 ಮಿಲಿ. ಟಾನಿಕ್ ಬಾಟಲಿಯ 10 ಮಿಲಿ ಮುಚ್ಚಳದಲ್ಲಿ ಮೂರೂವರೆ. ಅದಕ್ಕಿಂತ ಹೆಚ್ಚು ನೀರಿದ್ದರೆ ಗಾಳಿಯ ಹಾಗೆ ಕುಗ್ಗುವುದಿಲ್ಲ. ಪಿಸ್ಟನ್ ನಿಲ್ಲುತ್ತದೆ, ಭಾರದ ಫ್ಲೈವೀಲ್ ನಿಲ್ಲುವುದಿಲ್ಲ. ನಡುವೆ ಸಿಕ್ಕ ರಾಡ್ ಬಾಗಲೇಬೇಕು.

ಬಿಸಿಲು ಒಣಗಿಸುವುದು ಮೈ ಮಾತ್ರ. ಒಳಗಿನ ತೇವಕ್ಕೆ ಗಾಳಿ ತಾಗಿ ಲೈನರ್, ರಿಂಗ್ ತುಕ್ಕು ಹಿಡಿಯುತ್ತವೆ. ಹೊಳಿಯಿಂದ ಎತ್ತಿದ ದಿನವೇ ನೀರು ತೆಗೆದು ಸಿಲಿಂಡರ್ ಒಳಗೆ ಡೀಸೆಲ್ ಸುರಿಯಬೇಕಿತ್ತು. ಈಗಲಾದರೂ ಇವತ್ತೇ ಕೈ ಹಚ್ಚಿರಿ.

ಮೊದಲು ಏರ್ ಕ್ಲೀನರ್, ಬೆಂಡ್, ಸೈಲೆನ್ಸರ್ ಬಿಚ್ಚಿ ನೀರು, ಕರಿಮಣ್ಣಿನ ರಾಡಿ ತೆಗೆಯಿರಿ. ಡೀಸೆಲ್ ಕಾಕ್ ಬಂದ್ ಮಾಡಿ, ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಹೊರಗೆ ತೆಗೆಯಿರಿ. ಆ ತೂತಿನ ಮೇಲೆ ಬಟ್ಟೆ ಹಾಕಿ, ಮುಖ ದೂರ ಇಟ್ಟು, ಹ್ಯಾಂಡಲ್ ಇಲ್ಲದೆ ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸಿರಿ; ನೀರು ಚಿಮ್ಮುತ್ತದೆ. ಬಿಗಿಯಾಗಿದ್ದರೆ ಒತ್ತಾಯ ಮಾಡಬ್ಯಾಡ್ರಿ. ತೂತಿನಲ್ಲಿ ಡೀಸೆಲ್, ಜೊತೆಗೆ ಸ್ವಲ್ಪ ಆಯಿಲ್ ಹಾಕಿ ರಾತ್ರಿ ಬಿಟ್ಟು, ಬೆಳಿಗ್ಗೆ ಹಿಂದೆ ಮುಂದೆ ಅಲ್ಲಾಡಿಸಿರಿ. ಕೂಡಿಸುವ ಮುನ್ನ ಮತ್ತೆ ತಿರುಗಿಸಿ ಆ ಡೀಸೆಲ್ಲನ್ನೂ ಪೂರ್ತಿ ಹೊರಹಾಕಬೇಕು, ಅದೂ ನೀರಿನ ಹಾಗೇ ತಡೆಯುತ್ತದೆ.

ಆಮೇಲೆ ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಬೋಲ್ಟ್ ಬಿಚ್ಚಿರಿ. ಬಿಚ್ಚಿದಾಗ ಮೊದಲು ನೀರು, ಆಮೇಲೆ ಹಾಲು ಚಹಾದ ಬಣ್ಣದ ಆಯಿಲ್ ಬರುತ್ತದೆ. ಚೇಂಬರ್ ಬಾಗಿಲು ತೆಗೆದು ರಾಡಿಯನ್ನು ಡೀಸೆಲ್‌ನಿಂದ ತೊಳೆಯಿರಿ. ಕರಿಮಣ್ಣು ಉಳಿದರೆ ಬೇರಿಂಗ್ ತಿನ್ನುತ್ತದೆ. 20ಡಬ್ಲ್ಯೂ-40 ಆಯಿಲ್ ಗುರುತಿನ ತನಕ ಹಾಕಿರಿ. ಟ್ಯಾಂಕ್ ಖಾಲಿ ಮಾಡಿ ಹೊಸ ಡೀಸೆಲ್, ಹೊಸ ಫಿಲ್ಟರ್ ಹಾಕಿ, ಫಿಲ್ಟರ್ ಮತ್ತು ಡೀಸೆಲ್ ಪಂಪಿನ ಏರ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಬಿಡಿರಿ. ನಾಜಲ್‌ಗೆ ಹೊಸ ತಾಮ್ರದ ವಾಷರ್, ಎರಡೂ ನಟ್ ಸಮ ಬಿಗಿ.

ಶುರುವಾದರೆ ಲೋಡ್ ಇಲ್ಲದೆ ಹತ್ತು ನಿಮಿಷ ಓಡಿಸಿ, ಅದೇ ಆಯಿಲ್ ಮತ್ತೆ ಚೆಲ್ಲಿರಿ. ಆಯಿಲ್ ಬಿಳಚಾಗುವುದು ನಿಲ್ಲುವ ತನಕ ಬದಲಿಸುತ್ತಿರಬೇಕು. ಈ ಖರ್ಚಿನಲ್ಲಿ ಉಳಿಸಲು ಹೋಗಬ್ಯಾಡ್ರಿ.

ಮೆಕ್ಯಾನಿಕ್ ಬೇಕೇ ಅಂತ ಕೇಳಿದಿರಿ. ಇಷ್ಟು ಕೆಲಸಕ್ಕೆ ಬೇಡ. ಆದರೆ ಈಗಾಗಲೇ ಒಮ್ಮೆ ಠಪ್ ಅಂದಿದ್ದರೆ ಹೆಡ್ ಬಿಚ್ಚಿಸಲೇಬೇಕು. ರಾಡ್ ಬಾಗಿದ್ದರೆ ಪಿಸ್ಟನ್ ಮೊದಲಿನಷ್ಟು ಮೇಲೆ ಬರುವುದಿಲ್ಲ, ಕಂಪ್ರೆಷನ್ ಕಡಿಮೆ, ಹೊಗೆ ಜಾಸ್ತಿ. ನಮ್ಮದು ಹಾಗೇ ಶುರುವಾಯಿತು ಅಂತ ಓಡಿಸಿದೆವು. ಹದಿನೈದನೇ ದಿನ ರಾಡ್ ತುಂಡಾಗಿ ಬ್ಲಾಕ್ ಒಡೆದು ಹೊರಬಂತು.