ಬಾಗಿಲಿಗೆ ಯಾವ ಬಣ್ಣ? ಧಣಿಗಳನ್ನು ಕೇಳಿ

ಪ್ರಶ್ನೆ: ಮಗಳು ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ನಮ್ಮನ್ನು ಚಾಟ್ಸ್‌ವರ್ತ್ ಬಂಗಲೆ ನೋಡಲು ಕರೆದುಕೊಂಡು ಹೋಗಿದ್ದಳು. ಪಕ್ಕದ ಸಣ್ಣ ಊರಿನಲ್ಲಿ ಒಂದು ಮನೆಯ ಹಾಗೆ ಇನ್ನೊಂದಿಲ್ಲ. ಆದರೆ ಬಾಗಿಲು, ಕಿಟಕಿಗೆಲ್ಲ ಒಂದೇ ನೀಲಿ ಬಣ್ಣ! ಒಂದು ಬ್ಯಾನರ್ ಕೂಡ ಕಾಣಲಿಲ್ಲ. ನಮ್ಮ ಊರುಗಳು ಯಾಕೆ ಹೀಗಿಲ್ಲ?
– ಓದುಗಿ, ಕದ್ರಿ, ಮಂಗಳೂರು

ಉತ್ತರ: ಅಕ್ಕ, ಆ ಊರಿನ ಹೆಸರು ಬರೆಯುವಾಗ ಈಡೆನ್ಸರ್, ಕರೆಯುವಾಗ ಎನ್ಸರ್. ನೀಲಿ ಬಣ್ಣ ಊರವರು ಒಟ್ಟು ಕೂತು ಮಾಡಿದ ತೀರ್ಮಾನ ಅಲ್ಲ. ಮನೆಗಳೆಲ್ಲ ಒಂದೇ ಎಸ್ಟೇಟಿನವು, ಅದಕ್ಕೇ ಬಣ್ಣವೂ ಒಂದೇ. ಧಣಿಗಳು ಡೆವನ್‌ಶೈರ್ ಡ್ಯೂಕ್, ಕ್ಯಾವೆಂಡಿಶ್ ಮನೆತನ. ಹತ್ತಿರದ ಪಿಲ್ಸ್‌ಲಿ, ಬೀಲಿ ಊರುಗಳಲ್ಲೂ ಎಸ್ಟೇಟಿನ ಮನೆ ಯಾವುದು ಅಂತ ಬಾಗಿಲು ನೋಡಿಯೇ ಹೇಳಬಹುದು.

ನೀವು ನೋಡಿದ ಊರು ಮೊದಲು ಅಲ್ಲಿ ಇರಲೇ ಇಲ್ಲ. ಬಂಗಲೆಯ ಎದುರಿಗೇ, ಕಿಟಕಿ ತೆರೆದರೆ ಕಾಣುವ ಹಾಗೆ ಇತ್ತು. 1760ರ ಆಸುಪಾಸಿನಲ್ಲಿ ನಾಲ್ಕನೇ ಡ್ಯೂಕ್ ಕಾಲದಲ್ಲಿ ಕೆಲವು ಮನೆ ತೆಗೆಸಿದರು. ಆರನೇ ಡ್ಯೂಕ್ 1838ರಿಂದ ನಾಲ್ಕು ವರ್ಷದಲ್ಲಿ ಉಳಿದದ್ದನ್ನೂ ಕೆಡವಿಸಿ, ಗುಡ್ಡದ ಮರೆಯಲ್ಲಿ ಹೊಸತಾಗಿ ಕಟ್ಟಿಸಿದರು. ಕೆಲಸ ನೋಡಿಕೊಂಡವರು ಅವರ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್. ನಕ್ಷೆ ಜಾನ್ ರಾಬರ್ಟ್‌ಸನ್ ಅವರದ್ದು. ಒಂದು ಮನೆ ಸ್ವಿಸ್ ನಮೂನೆ, ಒಂದು ಇಟಲಿಯದ್ದು, ಇನ್ನೊಂದು ಕೋಟೆಯ ಹಾಗೆ. ಕ್ಯಾಟಲಾಗ್ ಮುಂದಿಟ್ಟುಕೊಂಡು ಎಲ್ಲದರಲ್ಲೂ ಒಂದೊಂದು ಆರಿಸಿದ ಹಾಗಿದೆ, ಅಲ್ವಾ?

ಹಳೆಯ ಊರಿನ ಒಂದೇ ಒಂದು ಮನೆ ಮಾತ್ರ ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತಿದೆ. ಅಲ್ಲಿದ್ದ ಮುದುಕ ಮನೆ ಬಿಡಲು ಒಪ್ಪಲಿಲ್ಲ ಅಂತ ಕಥೆ. ಕಥೆಯೇ ಇರಬಹುದು. ನಾನು ಒಮ್ಮೆ ಆ ದಾರಿಯಲ್ಲಿ ಹೋದಾಗ ಬಂಗಲೆಗಿಂತ ಜಾಸ್ತಿ ಹೊತ್ತು ಆ ಮನೆಯನ್ನೇ ನೋಡಿಕೊಂಡು ನಿಂತಿದ್ದೆ.

ಇದು ಡ್ಯೂಕ್ ಒಬ್ಬರ ಹುಚ್ಚು ಅಂತ ತಿಳಿಯಬೇಡಿ. ಡಾರ್ಸೆಟ್‌ನಲ್ಲಿ ಲಾರ್ಡ್ ಮಿಲ್ಟನ್ ಅಂತ ಒಬ್ಬರು ಬಂಗಲೆಯ ಹತ್ತಿರ ಇದ್ದ ಒಂದು ಪೇಟೆಯನ್ನೇ ತೆಗೆಸಿ, ದೂರದ ಕಣಿವೆಯಲ್ಲಿ ಒಂದೇ ಅಚ್ಚಿನ ಹುಲ್ಲು ಮಾಡಿನ ಮನೆಗಳ ಸಾಲು ಕಟ್ಟಿಸಿದರು. ಈಗ ಅದರ ಫೋಟೊ ತೆಗೆಯಲು ಜನ ಬರುತ್ತಾರೆ. ಎಷ್ಟೋ ಊರುಗಳಲ್ಲಿ ಇಗರ್ಜಿಗೆ ಪಾದ್ರಿ ಯಾರು ಅಂತ ಹೇಳುವವರೂ ಧಣಿಗಳೇ. 1872ರ ತನಕ ಗುಟ್ಟಿನ ಮತದಾನವೂ ಇರಲಿಲ್ಲ. ಒಕ್ಕಲು ಎಲ್ಲರೆದುರು ಬಾಯಿ ಬಿಟ್ಟು ಹೆಸರು ಹೇಳಬೇಕು. ಧಣಿಗಳ ಅಭ್ಯರ್ಥಿಯನ್ನು ಬಿಟ್ಟು ಬೇರೆ ಹೆಸರು ಹೇಳಲು ಧೈರ್ಯ ಎಲ್ಲಿಂದ ಬರಬೇಕು?

ನನ್ನ ಅಜ್ಜ ಉಡುಪಿಯ ಹತ್ತಿರ ಒಂದು ದೊಡ್ಡ ಮನೆಯ ಒಕ್ಕಲು. ಮುಡಿ ಕಟ್ಟಿ ಗೇಣಿ ಅಕ್ಕಿ ಕೊಂಡುಹೋಗಿ ಚಾವಡಿಯ ಕೆಳಗೆ ಇಳಿಸುವುದು, ಹಬ್ಬಕ್ಕೆ ಬಾಳೆಗೊನೆ ಒಪ್ಪಿಸುವುದು. ಮನೆಗೆ ಮುಳಿಹುಲ್ಲಿನ ಮಾಡು. ಹಂಚು ಹಾಕಿಸಬೇಕು ಅಂತ ಅಜ್ಜನಿಗೆ ಆಸೆ. ದುಡ್ಡೂ ಜೋಡಿಸಿದ್ದರು. ಕೇಳಿದಾಗಲೆಲ್ಲ ಧಣಿಗಳು "ಮುಂದಿನ ವರ್ಷ ನೋಡುವ" ಅನ್ನುತ್ತಿದ್ದರಂತೆ. ಬೈದದ್ದಿಲ್ಲ, ಬೇಡ ಅಂದದ್ದೂ ಇಲ್ಲ. ಹಾಗೆ ಹನ್ನೊಂದು ಮಳೆಗಾಲ ಹೋಯಿತು.

1974ರ ಮಾರ್ಚ್ 1ರಿಂದ ನಮ್ಮಲ್ಲಿ ಗೇಣಿ ಪದ್ಧತಿ ರದ್ದಾಯಿತಲ್ಲ, ಆಗ ಅಪ್ಪ ಉಳುವ ಜಾಗ ನಮಗೆ ಸಿಗಬೇಕು ಅಂತ ಡಿಕ್ಲರೇಶನ್ ಕೊಟ್ಟರು. ಟ್ರಿಬ್ಯೂನಲ್‌ನಲ್ಲಿ ಜಾಗ ನಮ್ಮದಾಯಿತು. ಮರುವರ್ಷವೇ ಹಂಚು ಬಂತು. ಬಾಗಿಲಿಗೆ ಅಪ್ಪ ಗಿಳಿಹಸಿರು ಪೈಂಟ್ ಬಳಿದರು. ಪಕ್ಕದವರು ನೇರಳೆ. ಅವರ ಆಚೆಯವರು ಕೇಸರಿ. ಮಾರಾಯರೇ, ಕಣ್ಣು ಕುಕ್ಕುತ್ತಿತ್ತು! ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಮೂರು ಬಾಗಿಲುಗಳೇ. ಬ್ಯಾನರ್ ವಿಷಯದಲ್ಲಿ ಮಾತ್ರ ನಿಮ್ಮ ಪಕ್ಷ ನಾನು.

ಪ್ರಶ್ನೆ: ನಮ್ಮ ಗುತ್ತಿನ ಮನೆಗಳ, ಅಂದರೆ ಹಳೆಯ ಧಣಿಗಳ ಮನೆಗಳ, ಭೂಮಿ ಎರಡು ತಲೆಮಾರಿನಲ್ಲಿ ಕರಗಿತು. ಇಂಗ್ಲೆಂಡಿನ ಧಣಿಗಳದ್ದು ಯಾಕೆ ಉಳಿಯಿತು?
– ಓದುಗರು, ಕಾಪು

ಉತ್ತರ: ಅಲ್ಲಿ ಆಗ ಎಲ್ಲವೂ ಹಿರಿಮಗನಿಗೆ. ಉಳಿದ ಗಂಡುಮಕ್ಕಳು ಸೈನ್ಯಕ್ಕೋ ಇಗರ್ಜಿಗೋ ಹೋಗಬೇಕಿತ್ತು. ಆ ಹಿರಿಮಗನಿಗೂ ಮಾರುವ ಹಕ್ಕು ಪೂರ್ತಿ ಇಲ್ಲದ ಹಾಗೆ ಪತ್ರ ಮಾಡಿಡುತ್ತಿದ್ದರು. 19ನೇ ಶತಮಾನದ ಕೊನೆಗೆ ಐರ್ಲೆಂಡಿನದ್ದೂ ಸೇರಿ ಈ ಡ್ಯೂಕ್ ಮನೆತನದ ಭೂಮಿ ಸುಮಾರು ಎರಡು ಲಕ್ಷ ಎಕರೆ. ನಮ್ಮಲ್ಲಿ ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬಗಳಿಗೆ 1949ರ ಕಾಯ್ದೆಯಿಂದ ಪಾಲು ಕೇಳುವ ದಾರಿ ತೆರೆಯಿತು. ಪಾಲಾಗಿ ಉಳಿದ ಗೇಣಿ ಜಾಗ 1974ರಲ್ಲಿ ಒಕ್ಕಲುಗಳಿಗೆ ಹೋಯಿತು.

ಅವರಿಗೂ ಪೆಟ್ಟು ಬೀಳದೆ ಇರಲಿಲ್ಲ. ಅಲ್ಲಿ ಕತ್ತಿ ಹಿಡಿದು ಬಂದದ್ದು ತೆರಿಗೆ. ಹತ್ತನೇ ಡ್ಯೂಕ್ ಬದುಕಿರುವಾಗಲೇ ಆಸ್ತಿ ಮಗನ ಕಡೆಗೆ ವರ್ಗ ಮಾಡಿದರು. ಆಮೇಲೆ ಐದು ವರ್ಷ ಬದುಕಿದರೆ ಆಗ ಸಾವಿನ ತೆರಿಗೆ ಇರಲಿಲ್ಲ. ಕೆಲವೇ ತಿಂಗಳು ಬಾಕಿ ಇರುವಾಗ, 1950ರ ನವೆಂಬರಿನಲ್ಲಿ ತೀರಿಕೊಂಡರು. ತೆರಿಗೆ ಶೇಕಡಾ 80! ಸಾವಿರಾರು ಎಕರೆ ಮಾರಿದರು. ಒಳ್ಳೊಳ್ಳೆಯ ಚಿತ್ರಗಳು ಹೋದವು. ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಬಂಗಲೆಯನ್ನು ತೆರಿಗೆಯ ಬದಲಿಗೆ ಸರಕಾರಕ್ಕೇ ಬಿಟ್ಟುಕೊಟ್ಟರು. ಚಾಟ್ಸ್‌ವರ್ತ್ ಉಳಿಯಿತು. 1977ರಲ್ಲಿ ಪಿಲ್ಸ್‌ಲಿಯಲ್ಲಿ ಎಸ್ಟೇಟಿನ ಮಾಂಸ ಮಾರುವ ಅಂಗಡಿ ತೆರೆದರು. 1981ರಲ್ಲಿ ಬಂಗಲೆ ನೋಡಿಕೊಳ್ಳಲು ಟ್ರಸ್ಟ್ ಮಾಡಿದರು. ಈಗ ಟಿಕೆಟ್ ಕೊಂಡು ಒಳಗೆ ಹೋಗುವ ನಮ್ಮಂಥವರೂ ಒಂದು ರೀತಿಯಲ್ಲಿ ಗೇಣಿ ಕೊಡುವವರೇ!

ಪ್ರಶ್ನೆ: ಅಂಗಡಿಯ ಜಿ-9 ಬಾಳೆಹಣ್ಣಿಗೂ ಈ ಡ್ಯೂಕಿಗೂ ಸಂಬಂಧ ಇದೆಯಂತೆ, ಹೌದಾ?
– ಪಿಯುಸಿ ವಿದ್ಯಾರ್ಥಿ, ಮಣಿಪಾಲ

ಉತ್ತರ: ಹೆಸರಿನ ಸಂಬಂಧ ಇದೆ. ಆಗ ಹೇಳಿದ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಮಾರಿಷಸ್ ಕಡೆಯಿಂದ ಬಂದ ಒಂದು ಗಿಡ್ಡ ಬಾಳೆಯನ್ನು ಚಾಟ್ಸ್‌ವರ್ತ್‌ನ ಗಾಜಿನ ಮನೆಯಲ್ಲಿ ಬೆಳೆಸಿ ಗೊನೆ ಬಿಡಿಸಿದರು. ಧಣಿಗಳ ಮನೆತನದ ಹೆಸರನ್ನೇ ಇಟ್ಟರು, ಕ್ಯಾವೆಂಡಿಶ್ ಅಂತ. ಜಿ-9, ನಮ್ಮ ಪಚ್ಚಬಾಳೆ ಎಲ್ಲ ಆ ಗುಂಪಿನವು. ಹಾಗಂತ ನಮ್ಮ ಗಿಡ ಡ್ಯೂಕಿನ ತೋಟದಿಂದಲೇ ಬಂತು ಅಂತಲ್ಲ. ಅಜ್ಜ ಧಣಿಗಳಿಗೆ ಬಾಳೆಗೊನೆ ಕೊಟ್ಟದ್ದು ನೋಡಿದ್ದೆ, ಇಲ್ಲಿ ಬಾಳೆಗೇ ಧಣಿಗಳ ಹೆಸರು! ಬನ್ಸ್ ಮಾಡುವುದಾದರೆ ಮಾತ್ರ ಜಿ-9 ಬೇಡ, ಕದಳಿಯೇ ತನ್ನಿ. ಸಿಪ್ಪೆ ಕಪ್ಪಾಗುವ ತನಕ ಬಿಡಿ.