ಸ್ಟಾಕ್ ಕಾರ್ ಚಾಲಕ ಮೇಲೋ, ಫಾರ್ಮುಲಾ ಒನ್ ಚಾಲಕ ಮೇಲೋ?

ಪ್ರಶ್ನೆ: ನಾಸ್ಕಾರ್‌ನವರು (ಸಾಮಾನ್ಯ ಕಾರಿನ ರೂಪದ ಸ್ಟಾಕ್ ಕಾರುಗಳನ್ನು ಹೆಚ್ಚಾಗಿ ಅಂಡಾಕಾರದ ಟ್ರ್ಯಾಕ್‌ನಲ್ಲಿ ಓಡಿಸುವ ಅಮೆರಿಕದ ರೇಸಿನವರು) ಬರೀ ಎಡಕ್ಕೆ ತಿರುಗಿಸುತ್ತಾರೆ, ನಿಜವಾದ ಚಾಲನೆ ಫಾರ್ಮುಲಾ ಒನ್‌ನದೇ ಎಂದು ನನ್ನ ಗೆಳೆಯರ ವಾದ. ಹೌದೇ?
– ಓದುಗರೊಬ್ಬರು, ತಾಳವಾಡಿ

ಉತ್ತರ: ಈ ಮಾತು ಒಪ್ಪುವಂಥದಲ್ಲ. ನಿಮ್ಮ ದಿಂಬಂ ಘಾಟಿಯ 27 ತಿರುವುಗಳನ್ನೇ ನೆನೆಯಿರಿ. ಕಬ್ಬು ತುಂಬಿದ ಲಾರಿ ಇಳಿಸುವವರ ಹದ ಬೇರೆ, ಸಣ್ಣ ಕಾರಿನವರದು ಬೇರೆ.

ಫಾರ್ಮುಲಾ ಒನ್ ಕಾರನ್ನು ವೇಗದಲ್ಲಿ ಗಾಳಿಯೇ ನೆಲಕ್ಕೆ ಒತ್ತಿ ಹಿಡಿಯುತ್ತದೆ. ಹಾಗಾಗಿ ಬ್ರೇಕನ್ನು ಮೊದಲಿಗೇ ಬಲವಾಗಿ ತುಳಿದು, ವೇಗ ಇಳಿದಂತೆ ಪಾದ ಸಡಿಲಿಸುತ್ತಾ ಬರಬೇಕು. ಚೂರು ತಡವಾದರೂ ಮುಂದಿನ ಚಕ್ರ ಉರುಳದೆ ಜಾರುತ್ತದೆ, ಟೈರು ಒಂದೇ ಜಾಗದಲ್ಲಿ ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ಸ್ಟಿಯರಿಂಗ್ ನಡುಗುತ್ತಲೇ ಇರುತ್ತದೆ.

ನಾಸ್ಕಾರ್‌ನ ಅಗ್ರ ಸರಣಿಯಾದ ಕಪ್‌ನ ಕಾರು ಚಾಲಕನಿಲ್ಲದೆಯೇ ಸುಮಾರು 1,450 ಕಿಲೋ. ಗಾಳಿಯ ಒತ್ತು ಕಡಿಮೆ, ಜಾರುವಿಕೆ ಹೆಚ್ಚು. ಆಕ್ಸಿಲರೇಟರ್ ಅವಸರದಿಂದ ಒತ್ತಿದರೆ ಬಲ ಹಿಂದಿನ ಟೈರು ಕಾದು, ಕಾರಿನ ಹಿಂಭಾಗ ಗೋಡೆಯತ್ತ ಜಾರುತ್ತದೆ. ಕಾರು ತಿರುವಿನ ಯಾವ ಹಂತದಲ್ಲಿ ಹಾಗೆ ಆಡುತ್ತಿದೆ ಎಂದು ಚಾಲಕ ರೇಡಿಯೊದಲ್ಲಿ ಕರಾರುವಾಕ್ಕಾಗಿ ಹೇಳಬೇಕು. ಅದನ್ನು ನಂಬಿಯೇ ಪಿಟ್‌ನವರು (ಟ್ರ್ಯಾಕ್ ಪಕ್ಕದಲ್ಲಿ ಕಾರು ಸರಿಪಡಿಸುವ ತಂಡ) ಹಿಂಗಾಜಿನ ರಂಧ್ರದಲ್ಲಿ ಪಾನಾ ತೂರಿಸಿ ಸ್ಪ್ರಿಂಗ್ ಒತ್ತಡ ಬದಲಿಸುವುದು. ಅಮೆರಿಕದ ಡೇಟೋನಾ ಟ್ರ್ಯಾಕ್‌ನಲ್ಲಂತೂ 31 ಡಿಗ್ರಿ ವಾಲಿದ ತಿರುವು, ಗೇಣು ಅಂತರದಲ್ಲಿ ಪಕ್ಕದ ಕಾರು.

ಫಾರ್ಮುಲಾ ಒನ್‌ನಲ್ಲಿ 7 ರೇಸ್ ಗೆದ್ದ ಮೊಂಟೋಯಾ ನಾಸ್ಕಾರ್ ಕಪ್‌ನಲ್ಲಿ ಗೆದ್ದದ್ದು 2 ಮಾತ್ರ, ಎರಡೂ ಎಡಬಲ ತಿರುವಿನ ಟ್ರ್ಯಾಕ್‌ನಲ್ಲಿ. ನಾಸ್ಕಾರ್ ಕಪ್‌ನ ಅಂಡಾಕಾರದ ಟ್ರ್ಯಾಕ್‌ಗಳಲ್ಲಿ ಗೆಲುವು ಅವರಿಗೆ ಒಲಿಯಲಿಲ್ಲ. ಎರಡೂ ಒಲಿದದ್ದು ಮಾರಿಯೊ ಆಂಡ್ರೆಟಿಗೆ: 1967ರ ನಾಸ್ಕಾರ್ ರೇಸ್ ಡೇಟೋನಾ 500, 1978ರ ಫಾರ್ಮುಲಾ ಒನ್ ವಿಶ್ವ ಪಟ್ಟ. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ ಕೂಡ 2010ರಲ್ಲಿ ನಾಸ್ಕಾರ್ ಟ್ರಕ್ ಸರಣಿಯಲ್ಲಿ ಓಡಿಸಿದ್ದರು.